ಕುಟುಂಬದ ಮುಖ್ಯಸ್ಥರು: ಕಡ್ಡಾಯ

ನನ್ನ ಕೆಲಸ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕುವುದು. ಇದಕ್ಕೆ ತಿಂಗಳು ತಿಂಗಳು ಸಂಬಳ ಬರುತ್ತದೆ ಎಂದರೆ ಚನ್ನಪಟ್ಟಣದ ನಮ್ಮ ದೊಡ್ಡಮ್ಮ ಇವತ್ತಿಗೂ ನಂಬುವುದಿಲ್ಲ. ಅವರು ಅರವತ್ತು ವರ್ಷದಿಂದ ಇದನ್ನು ಪುಕ್ಕಟೆಯಾಗಿ ಮಾಡಿಕೊಂಡು ಬಂದವರು. ಪುಣೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಟೆಸ್ಟರ್. ಡೆವಲಪರುಗಳು ಬರೆದದ್ದನ್ನು ಮುರಿದು ತೋರಿಸುತ್ತೇನೆ. ಅವರು ತಮ್ಮ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿಯೇ ಇದೆ ಎನ್ನುತ್ತಾರೆ, ನನ್ನನ್ನು ಕರೆಯದೆ ಊಟಕ್ಕೆ ಹೋಗುತ್ತಾರೆ. ನಾನು ಒಬ್ಬಳೇ ಹೋಗಿ ತಿಂದು ಬಂದು ಇನ್ನೊಂದು ತಪ್ಪು ಹುಡುಕುತ್ತೇನೆ.

ನಮ್ಮ ಡೆವಲಪರುಗಳಲ್ಲಿ ಅಭಿಲಾಷ ಎಲ್ಲರಿಗಿಂತ ಬುದ್ಧಿವಂತ. ಇದು ಅವನೇ ಹೇಳಿದ ಮಾತು, ಬೇರೆ ಸಾಕ್ಷಿ ಇಲ್ಲ. ಮದ್ದೂರಿನವನು, ನನಗಿಂತ ಮೂರು ವರ್ಷ ಚಿಕ್ಕವನು. ಅವನಿಗೆ ಜಗತ್ತಿನಲ್ಲಿ ಎರಡೇ ವಸ್ತುಗಳ ಮೇಲೆ ಭಕ್ತಿ: ಒಂದು ಅವನ ಬೈಕು, ಇನ್ನೊಂದು ಓಆರ್‌ಎಂ. ಬೈಕಿನ ಬಗ್ಗೆ ಹೇಳಬೇಕಾಗಿಲ್ಲ, ಓಆರ್‌ಎಂ ಬಗ್ಗೆ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ.

ಪ್ರೋಗ್ರಾಮಿನೊಳಗೆ ಒಬ್ಬ ಮನುಷ್ಯ ಇಡಿಯಾಗಿ ಇರುತ್ತಾನೆ. ಹೆಸರು, ವಯಸ್ಸು, ಹೆಂಡತಿ, ಮಕ್ಕಳು ಎಲ್ಲ ಅವನಿಗೆ ಅಂಟಿಕೊಂಡೇ ಇರುತ್ತಾರೆ. ಇಂಥ ಇಡೀ ಮುದ್ದೆಗೆ ಆಬ್ಜೆಕ್ಟ್ ಎಂದು ಹೆಸರು. ಡೇಟಾಬೇಸಿಗೆ ಇಡೀ ಮನುಷ್ಯ ಅರ್ಥವಾಗುವುದಿಲ್ಲ. ಅದಕ್ಕೆ ಗೊತ್ತಿರುವುದು ಕೋಷ್ಟಕ ಮತ್ತು ಸಾಲು. ಗಂಡ ಒಂದು ಸಾಲು, ಹೆಂಡತಿ ಒಂದು ಸಾಲು, ಮಗು ಇನ್ನೊಂದು. ನಡುವೆ ನಿಂತು ಮನುಷ್ಯನನ್ನು ಬಿಡಿಸಿ ಸಾಲುಗಳಲ್ಲಿ ತುಂಬುವ, ಕೇಳಿದಾಗ ಮತ್ತೆ ಜೋಡಿಸಿ ಕೊಡುವ ದಲ್ಲಾಳಿಯೇ ಓಆರ್‌ಎಂ. ಯಾರು ಯಾರಿಗೆ ಸೇರಿದವರು ಎಂದು ಅದಕ್ಕೆ ಮೊದಲೇ ಹೇಳಿಕೊಟ್ಟಿರಬೇಕು. ಹೇಳಿಕೊಟ್ಟ ಮೇಲೆ ಅದು ಪ್ರಶ್ನೆ ಕೇಳುವುದಿಲ್ಲ. ಅಭಿಲಾಷನಿಗೆ ಅದು ಹಿಡಿಸಿದ್ದೇ ಅದಕ್ಕೆ ಇರಬೇಕು.

ಅವನು ನನಗೆ ಅದರ ಮಹಿಮೆ ವಿವರಿಸಿದ ದಿನ ಇನ್ನೂ ನೆನಪಿದೆ. ಒಂದು ಕುಟುಂಬದ ಹತ್ತು ಜನರನ್ನು ಹತ್ತು ಸಲ ‘ಸೇವ್’ ಮಾಡಿ ಉಳಿಸಬೇಕಾಗಿಲ್ಲವಂತೆ. ಯಜಮಾನನನ್ನು ಉಳಿಸು ಎಂದು ಒಂದೇ ಸಾಲು ಬರೆದರೆ ಸಾಕು, ಹೆಂಡತಿ ಮಕ್ಕಳು ಅವನ ಹಿಂದೆ ತಾವಾಗಿಯೇ ಉಳಿದುಕೊಳ್ಳುತ್ತಾರಂತೆ. ಇಂಥ ಯಜಮಾನನಿಗಾಗಿ ಎಷ್ಟು ಹೆಂಗಸರು ಎಷ್ಟು ವರ್ಷದಿಂದ ಕಾಯುತ್ತಿದ್ದರೋ, ಕೊನೆಗೆ ಸಿಕ್ಕಿದ್ದು ಡೇಟಾಬೇಸಿನಲ್ಲಿ.

ಈ ಮಹಿಮೆ ಮೊದಲು ಪ್ರಯೋಗವಾದದ್ದು ಕರಾವಳಿ ಬಳಗದ ಮೇಲೆ. ಪುಣೆಯಲ್ಲಿ ಹೋಟೆಲು ಇಟ್ಟುಕೊಂಡಿರುವ ನಾನೂರು ಚಿಲ್ಲರೆ ಕರಾವಳಿ ಕುಟುಂಬಗಳ ಸಂಘ ಅದು. ಅದರ ಅಧ್ಯಕ್ಷರು ಕುಶಲಣ್ಣ, ಹತ್ತು ವರ್ಷದಿಂದ ಅವರೇ. ಆ ಹತ್ತು ವರ್ಷದಲ್ಲಿ ಬಳಗ ಹತ್ತು ಸನ್ಮಾನ ಸಮಾರಂಭ ಮಾಡಿದೆ, ಅದರಲ್ಲಿ ಆರು ಕುಶಲಣ್ಣನವರಿಗೆ. ಅವರು ನಮ್ಮ ಕಂಪನಿಯ ಮಾಲೀಕರ ಸ್ನೇಹಿತರು. ಬಳಗದ ಸದಸ್ಯರ ಪಟ್ಟಿಯನ್ನು ಹಳೆ ದಫ್ತರದಿಂದ ತೆಗೆದು ಆ್ಯಪಿಗೆ ಹಾಕಿಕೊಡಿ ಎಂದು ಅವರು ಕೇಳಿದರು, ಮಾಲೀಕರು ಸಮಾಜಸೇವೆ ಎಂದು ಒಪ್ಪಿಕೊಂಡರು. ಸಮಾಜಸೇವೆಯನ್ನು ಮಾಡುವವರು ನಾನು ಮತ್ತು ಅಭಿಲಾಷ ಎಂದು ಆಮೇಲೆ ಗೊತ್ತಾಯಿತು.

ಆ ದಫ್ತರ ಬರೆದವರು ಲೀಲಾಕ್ಷಿ, ಕುಶಲಣ್ಣನ ಒಡಹುಟ್ಟಿದ ಅಕ್ಕ. ಸದಾಶಿವ ಪೇಠಿನ ಶಾಂಭವಿ ಹೋಟೆಲು ಅವರದು. ನನ್ನ ಪಿಜಿಯಿಂದ ನಾಲ್ಕು ಹೆಜ್ಜೆ; ಆರು ವರ್ಷದಿಂದ ನನ್ನ ತಿಂಡಿ ಊಟ ಅಲ್ಲೇ. ಬೆಳಗ್ಗೆ ಏಳಕ್ಕೆ ಕೋಚಿಂಗ್ ಕ್ಲಾಸಿನ ಮಕ್ಕಳು ಸಾಲುಗಟ್ಟಿ ನಿಂತು ‘ಅಕ್ಕಾ, ದೋನ್ ಇಡ್ಲಿ’ ಎಂದು ಕೂಗುವಾಗ, ಗಲ್ಲಾದಲ್ಲಿ ಕೂತ ಲೀಲಕ್ಕ ಮರಾಠಿಯಲ್ಲಿ ಅವರನ್ನು ಗದರಿಸುತ್ತ, ತುಳುವಿನಲ್ಲಿ ಅಡುಗೆಮನೆಗೆ ಹೇಳುತ್ತ, ಕನ್ನಡದಲ್ಲಿ ನನ್ನನ್ನು ವಿಚಾರಿಸುತ್ತ ಮೂರು ಕಡೆ ಒಟ್ಟಿಗೆ ಇರುತ್ತಾರೆ. ಗಂಡ ದಯಾಕರ ಎಂಟು ವರ್ಷದ ಹಿಂದೆ ವಾಪಿಯಲ್ಲಿ ಶಾಖೆ ತೆರೆಯುತ್ತೇನೆಂದು ಹೋದವನು ತೆರೆದ. ಹೋಟೆಲಿನ ಜೊತೆ ಸಂಸಾರದ ಶಾಖೆಯನ್ನೂ ಅಲ್ಲೇ ತೆರೆದ. ಲೀಲಕ್ಕ ಮಗಳು ತನುಶ್ರೀಯನ್ನು ಓದಿಸಿಕೊಂಡು ಇಲ್ಲಿಯೇ ಉಳಿದರು.

ಹೋಟೆಲು ಗಂಡನದಲ್ಲ, ಲೀಲಕ್ಕನ ಸೋದರಮಾವ ಕಟ್ಟಿದ್ದು. ಅವರ ಕಡೆ ಹಾಗೆಯೇ. ಮನೆತನದ ಲೆಕ್ಕ ಅಮ್ಮನಿಂದ, ಆಸ್ತಿ ಮಾವನಿಂದ ಸೋದರಿಯ ಮಕ್ಕಳಿಗೆ. ಅಳಿಯಕಟ್ಟು ಎನ್ನುತ್ತಾರೆ. ಕಾನೂನು ಬದಲಾಗಿ ಎಷ್ಟೋ ವರ್ಷವಾದರೂ, ಯಾರು ಯಾವ ಮನೆಯವರು ಎನ್ನುವ ಪ್ರಶ್ನೆ ಬಂದರೆ ಅವರು ಇವತ್ತಿಗೂ ಅಮ್ಮನ ಕಡೆಯಿಂದಲೇ ಎಣಿಸುತ್ತಾರೆ. ಹನ್ನೊಂದು ವರ್ಷ ಲೀಲಕ್ಕ ದಫ್ತರ ಬರೆದದ್ದೂ ಹಾಗೆಯೇ. ಒಂದೊಂದು ಮನೆಗೆ ಒಂದೊಂದು ಪುಟ, ಪುಟದ ನೆತ್ತಿಯ ಮೇಲೆ ಆ ಮನೆಯ ಹಿರಿಯ ಹೆಂಗಸು. ಮದುವೆಯಾದರೂ ಗಂಡ ಅವನ ಅಮ್ಮನ ಪುಟದಲ್ಲಿ, ಹೆಂಡತಿ ಅವಳ ಅಮ್ಮನ ಪುಟದಲ್ಲಿ, ಮಕ್ಕಳು ಹೆಂಡತಿಯ ಪುಟದಲ್ಲಿ.

ಅಭಿಲಾಷ ದಫ್ತರ ತೆರೆದು ನೋಡಿದ. ಗಂಡ ಇಪ್ಪತ್ತೆರಡನೇ ಪುಟದಲ್ಲಿ, ಹೆಂಡತಿ ನೂರಾ ಏಳನೇ ಪುಟದಲ್ಲಿ. ಇದನ್ನು ಬರೆದವರಿಗೆ ತಲೆ ನೆಟ್ಟಗಿರಲಿಲ್ಲ ಎಂದು ತೀರ್ಮಾನಿಸಿದ. ಒಂದು ವಾರ ಕೂತು, ಹೆಂಡತಿಯರನ್ನೆಲ್ಲ ಹುಡುಕಿ ಹುಡುಕಿ ಅವರವರ ಗಂಡಂದಿರ ಮನೆಗೆ ತಲುಪಿಸುವ ಒಂದು ಪ್ರೋಗ್ರಾಮು ಬರೆದ. ಇನ್ನೂರು ಮುನ್ನೂರು ಹೆಂಗಸರನ್ನು ಒಂದೇ ಮಧ್ಯಾಹ್ನ ಗಂಡನ ಮನೆಗೆ ಕಳಿಸಿ ಕೈ ತೊಳೆದುಕೊಂಡ. ಕುಟುಂಬ ಎಂದರೆ ಮುಖ್ಯಸ್ಥ. ಮುಖ್ಯಸ್ಥ ಎಂದರೆ ಗಂಡಸು. ಉಳಿದವರು ಅವನ ಅವಲಂಬಿತರು. ಹೀಗೆಂದು ಓಆರ್‌ಎಂಗೆ ಹೇಳಿಕೊಟ್ಟ. ಲೀಲಕ್ಕನನ್ನು ಒಂದು ಮಾತು ಕೇಳಲಿಲ್ಲ. ಅವರ ಕೈಯಿಂದ ದಿನಾ ಚಟ್ನಿ ಹಾಕಿಸಿಕೊಳ್ಳುತ್ತಿದ್ದ, ಕೇಳುವುದಕ್ಕೆ ಪುರುಸೊತ್ತು ಇರಲಿಲ್ಲ.

ಅವನನ್ನು ಬೈದು ನಾನು ಒಳ್ಳೆಯವಳಾಗುವ ಹಾಗಿಲ್ಲ. ನಾನೂ ಕೇಳಲಿಲ್ಲ. ನಮ್ಮ ಕಡೆ ಹುಡುಗಿಯ ಹೆಸರು ಮದುವೆಯ ಮರುವಾರವೇ ರೇಷನ್ ಕಾರ್ಡಿನಿಂದ ತೆಗೆಸಿ ಗಂಡನ ಕಾರ್ಡಿಗೆ ಹಾಕುತ್ತಾರೆ, ಆ ಅವಸರ ನೋಡಿಯೇ ಬೆಳೆದವಳು ನಾನು. ದಫ್ತರ ನೋಡಿ ನಾನೂ ನಕ್ಕೆ.

ಮಾರ್ಚಿನಲ್ಲಿ ಆ್ಯಪು ನನ್ನ ಕೈಗೆ ಬಂತು. ಟೆಸ್ಟ್ ಗಂಡ, ಟೆಸ್ಟ್ ಹೆಂಡತಿ, ಟೆಸ್ಟ್ ಮಗು ಎಂದು ಒಂದು ಸಂಸಾರ ಹೂಡಿದೆ. ಒಂದೇ ಗುಂಡಿಗೆ ಮೂವರೂ ಉಳಿದರು. ಆಮೇಲೆ ಗಂಡನನ್ನು ಅಳಿಸಿದೆ. ಮೂವರೂ ಹೋದರು. ನಾನು ತಪ್ಪು ಎಂದು ದಾಖಲಿಸಿದೆ. ಅರ್ಧ ಗಂಟೆಯಲ್ಲಿ ಅಭಿಲಾಷ ಅದನ್ನು ಮುಚ್ಚಿದ: ಇದು ತಪ್ಪಲ್ಲ, ಬೇಕೆಂದೇ ಮಾಡಿದ್ದು, ಮುಖ್ಯಸ್ಥ ಇಲ್ಲದ ಮೇಲೆ ಅವಲಂಬಿತರ ಸಾಲುಗಳು ಸುಮ್ಮನೆ ಕಸ. ಅವನ ಮೇಜಿಗೆ ಹೋಗಿ ಜಗಳ ಆಡಬೇಕಿತ್ತು. ಅವತ್ತು ಶುಕ್ರವಾರ, ಸಂಜೆ ಐದಕ್ಕೆ ಊರಿನ ಬಸ್ಸು. ನಾನು ‘ಪಾಸ್’ ಎಂದು ಬರೆದು ಸಹಿ ಹಾಕಿ ಸ್ವಾರ್‌ಗೇಟಿಗೆ ರಿಕ್ಷಾ ಹಿಡಿದೆ.

ಆ್ಯಪು ಬಂದ ಹುರುಪಿನಲ್ಲಿ ಕುಶಲಣ್ಣ ಚುನಾವಣೆಗೂ ಒಂದು ಹೊಸ ನಿಯಮ ತಂದರು. ಒಂದು ಕುಟುಂಬದಿಂದ ಒಬ್ಬರೇ ಅಧ್ಯಕ್ಷ ಸ್ಥಾನಕ್ಕೆ ನಿಲ್ಲಬೇಕು. ಇಬ್ಬರು ಅರ್ಜಿ ಹಾಕಿದರೆ ಮುಖ್ಯಸ್ಥರ ಅರ್ಜಿಯಷ್ಟೇ ಊರ್ಜಿತ. ಅವರಿಗೆ ಆಗದ ಒಬ್ಬ ಅಪ್ಪ, ಒಬ್ಬ ಮಗ ಇಬ್ಬರೂ ನಿಲ್ಲುವ ಹವಣಿಕೆಯಲ್ಲಿದ್ದರು, ಅವರಿಗೆ ಹೊಡೆತ ಕೊಡಲು ಮಾಡಿದ ನಿಯಮ ಇದು. ಅಪ್ಪ ಮಗ ಇಬ್ಬರೂ ಬೇಸರದಿಂದ ಸುಮ್ಮನಾದರು. ದಾರಿ ಸಲೀಸಾಯಿತು ಎಂದು ಕುಶಲಣ್ಣ ಏಳನೇ ಶಾಲಿಗೆ ಹೆಗಲು ಸಜ್ಜು ಮಾಡಿಕೊಳ್ಳುವ ಹೊತ್ತಿಗೆ, ತಾನು ನಿಲ್ಲುತ್ತೇನೆ ಎಂದು ಲೀಲಕ್ಕ ಹೇಳಿಬಿಟ್ಟರು.

ಅವರಿಗೆ ಕುರ್ಚಿಯ ಆಸೆ ಇರಲಿಲ್ಲ. ಧನಕವಡಿಯಲ್ಲಿ ಬಳಗದ್ದೇ ಒಂದು ಮೂರು ಕೋಣೆಯ ಫ್ಲ್ಯಾಟು ಇದೆ. ಓದಲು ಬರುವ ಹೆಣ್ಣುಮಕ್ಕಳಿಗೆಂದು ಲೀಲಕ್ಕನ ಅಮ್ಮನ ಕಾಲದಲ್ಲಿ ತೆಗೆದುಕೊಂಡದ್ದು. ಐದು ವರ್ಷದಿಂದ ಅದಕ್ಕೆ ಬೀಗ. ಒಳಗೆ ಸನ್ಮಾನದ ಫಲಕಗಳು, ಪ್ಲಾಸ್ಟಿಕ್ ಕುರ್ಚಿಗಳು, ಕುಶಲಣ್ಣನ ಆಳೆತ್ತರದ ಎರಡು ಫೋಟೋ ವಾಸವಾಗಿವೆ. ಊರಿನಿಂದ ಬರುವ ಹುಡುಗಿಯರು ಪಿಜಿ ಹುಡುಕಿಕೊಂಡು ಶಾಂಭವಿಗೆ ಬಂದು ಕೂರುವುದನ್ನು ನಾನೇ ನೋಡಿದ್ದೇನೆ. ಆ ಬೀಗ ತೆಗೆಸಿ ಎಂದು ಲೀಲಕ್ಕ ತಮ್ಮನಿಗೆ ಐದು ವರ್ಷ ಹೇಳಿ ಸಾಕಾಗಿ, ಕೀಲಿಕೈ ಇರುವ ಜಾಗಕ್ಕೆ ತಾನೇ ಹೋಗುವುದೆಂದು ಹೊರಟರು.

ನಾಮಪತ್ರ ಕೊಡುವ ಶನಿವಾರ ಬೆಳಗ್ಗೆ ಬಳಗದ ಕಚೇರಿಗೆ ನಾನೂ ಹೋಗಿದ್ದೆ, ಆ್ಯಪು ತೊಂದರೆ ಕೊಟ್ಟರೆ ನೋಡಿಕೊಳ್ಳಲು. ಹಳೆಯ ವಾಡೆಯೊಂದರ ಮಹಡಿಯಲ್ಲಿ ಎರಡು ಕೋಣೆ. ಚುನಾವಣಾಧಿಕಾರಿ ಬಸವಪ್ರಭು, ವಿಜಯಪುರದ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಕರಾವಳಿಯವರ ಚುನಾವಣೆ ನಡೆಸಲು ಇನ್ನೊಬ್ಬ ಕರಾವಳಿಯವರನ್ನು ಯಾರೂ ನಂಬದ ಕಾರಣ ಅವರನ್ನು ಹಿಡಿದು ತಂದಿದ್ದರು. ಅವರು ಲ್ಯಾಪ್‌ಟಾಪಿನಲ್ಲಿ ಮೂರು ಸಲ ಹುಡುಕಿ, ಕನ್ನಡಕ ಒರೆಸಿಕೊಂಡು ನಾಲ್ಕನೇ ಸಲ ಹುಡುಕಿದರು.

“ಅಕ್ಕಾರ, ಯಾದಿಯೊಳಗ ನಿಮ್ಮ ಹೆಸರ ಇಲ್ರಿ,” ಎಂದರು.

ತನುಶ್ರೀಯ ಹೆಸರೂ ಇರಲಿಲ್ಲ. ಶಾಂಭವಿ ಹೋಟೆಲೂ ಇರಲಿಲ್ಲ. ಏನಾಗಿದೆಯೆಂದು ನನಗೆ ತಕ್ಷಣ ಗೊತ್ತಾಯಿತು. ಕಡತ ತೆಗೆದು ನೋಡಿದರೆ ಮೂರು ವಾರದ ಹಿಂದೆ ದಯಾಕರ ವಾಪಿಯಿಂದ ಒಂದು ಪತ್ರ ಕಳಿಸಿದ್ದ: ತಾನು ಅಲ್ಲಿನ ಸಂಘ ಸೇರಿದ್ದೇನೆ, ಪುಣೆಯ ಪಟ್ಟಿಯಿಂದ ಹೆಸರು ತೆಗೆಯಬೇಕಾಗಿ ವಿನಂತಿ. ಕುಶಲಣ್ಣ ಸ್ವತಃ ಗುಂಡಿ ಒತ್ತಿ ತೆಗೆದಿದ್ದರು. ಖಚಿತವೇ ಎಂದು ಆ್ಯಪು ಕೇಳಿದೆ, ಹೌದು ಎಂದಿದ್ದಾರೆ. ಜೊತೆಗೆ ಇನ್ನು ಯಾರು ಯಾರು ಹೋಗುತ್ತಾರೆ ಎಂದು ಹೇಳುವ ಮರ್ಯಾದೆ ನಮ್ಮ ಆ್ಯಪಿಗೆ ಇರಲಿಲ್ಲ. ಅಕ್ಕ ಹೋಗುತ್ತಾಳೆಂದು ಕುಶಲಣ್ಣನಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಗೊತ್ತಾದ ಮೇಲೆ ಅವರ ಮುಖ ಮಾತ್ರ ಊಟವಾದ ಮೇಲಿನ ಮುಖದಂತೆ ತಂಪಾಗಿತ್ತು.

ಅಳಿಸಿದ್ದನ್ನು ವಾಪಸು ತರಲಾಗದೇ ಎಂದು ಬಸವಪ್ರಭು ಕೇಳಿದರು. ನಾವು ಸಮಾಜಸೇವೆಗೆಂದು ಕೊಟ್ಟ ಸರ್ವರು ಹಳೆ ಪ್ರತಿಗಳನ್ನು ಏಳೇ ದಿನ ಇಟ್ಟುಕೊಳ್ಳುತ್ತದೆ ಎಂದು ನಾನು ತಲೆ ತಗ್ಗಿಸಿ ಹೇಳಿದೆ. ಹೊಸದಾಗಿ ಸೇರಿಸೋಣವೆಂದರೆ ಆ್ಯಪು ಮೊದಲು ಕುಟುಂಬದ ಮುಖ್ಯಸ್ಥರು ಯಾರು ಎಂದು ಕೇಳುತ್ತದೆ. ಆ ಜಾಗದಲ್ಲಿ ಹೆಂಗಸಿನ ಹೆಸರು ಹಾಕಿದರೆ ಕೆಂಪಗಾಗಿ, ಸರಿಯಾದ ಮಾಹಿತಿ ತುಂಬಿ ಎನ್ನುತ್ತದೆ.

ಕುಶಲಣ್ಣ ಬಹಳ ದುಃಖದಿಂದ ಎರಡು ದಾರಿ ತೋರಿಸಿದರು. ಒಂದು, ಭಾವನಿಗೆ ಫೋನು ಮಾಡಿ ಮತ್ತೆ ಸದಸ್ಯನಾಗಲು ಒಪ್ಪಿಸುವುದು. ಅವನ ಮೊಬೈಲಿಗೆ ಓಟಿಪಿ ಬರುತ್ತದೆ, ಅವನು ಅದನ್ನು ಹೇಳಿದರೆ ಅಕ್ಕ ಪಟ್ಟಿಗೆ ಬರುತ್ತಾಳೆ. ಎರಡು, ತಮ್ಮನ ಕುಟುಂಬದಲ್ಲೇ ಅವಲಂಬಿತೆಯಾಗಿ ಸೇರಿಸುವುದು. ಎರಡನೆಯದನ್ನು ಅವರು ಎಷ್ಟು ಪ್ರೀತಿಯಿಂದ ಹೇಳಿದರೆಂದರೆ, ಒಂದು ಕುಟುಂಬಕ್ಕೆ ಒಬ್ಬರೇ ಎಂಬ ನಿಯಮ ನೆನಪಿಗೆ ಬರುವುದಕ್ಕೆ ನನಗೆ ಅರ್ಧ ನಿಮಿಷ ಬೇಕಾಯಿತು.

“ಕಂಪ್ಯೂಟರ್ ತೆಗೆದದ್ದಕ್ಕೆ ನಾನು ಎಂತ ಮಾಡ್ಲಿ ಅಕ್ಕ?” ಎಂದರು.

ಲೀಲಕ್ಕ ತುಂಬಿದ ನಾಮಪತ್ರವನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದರು. ನಾಮಪತ್ರಕ್ಕೆ ಸೋಮವಾರ ಮಧ್ಯಾಹ್ನ ನಾಲ್ಕರವರೆಗೆ ಗಡುವು ಇತ್ತು.

ಶಾಂಭವಿಗೆ ಹೋಗಿ ನಾನು ಎಲ್ಲವನ್ನೂ ಹೇಳಿದೆ. ಓಆರ್‌ಎಂ, ಮುಖ್ಯಸ್ಥ, ಅವಲಂಬಿತರು, ಟೆಸ್ಟ್ ಗಂಡ, ನನ್ನ ಸಹಿ. ಹೇಳದೆ ಇದ್ದಿದ್ದರೂ ನಡೆಯುತ್ತಿತ್ತು, ಬೈಗುಳವೆಲ್ಲ ಅಭಿಲಾಷನ ಪಾಲಿಗೆ ಹೋಗುತ್ತಿತ್ತು. ಆದರೆ ಅವರ ಎದುರು ಕೂತು ನನ್ನ ಬಾಯಿ ಸುಮ್ಮನಿರಲಿಲ್ಲ.

ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು.

“ಅಂದ್ರೆ ನಿಂಗೆ ಗೊತ್ತಿತ್ತು?”

“ಮಾರ್ಚಿಂದ ಗೊತ್ತಿತ್ತು ಲೀಲಕ್ಕ.”

“ಅವ ಹೋಗಿ ಎಂಟು ವರ್ಷ ಆಯ್ತು. ಈ ಗಲ್ಲಾದಲ್ಲಿ ಕೂತದ್ದು ಯಾರು ಅಂತ ಕುಶಲನಿಗೆ ಕಾಣುದಿಲ್ಲ, ಅದು ಬಿಡು. ನೀನು ದಿನಾ ಎರಡು ಹೊತ್ತು ಇಲ್ಲೇ ಉಂಡವಳು. ನಿಂಗೂ ಕಾಣ್ಲಿಲ್ವಾ ಹರ್ಷಿತಾ?”

ನನಗೆ ಅಳು ಬಂತು. ಟೆಸ್ಟರುಗಳು ಅಳುವುದು ಕಡಿಮೆ, ಅಳಿಸುವುದೇ ಹೆಚ್ಚು. ಅದಕ್ಕೇ ಅಭ್ಯಾಸವಿಲ್ಲದೆ ಮೂಗು ಬಾಯಿ ಎಲ್ಲ ಒದ್ದೆ ಮಾಡಿಕೊಂಡೆ. ಎದುರು ಮೇಜಿನ ಮಕ್ಕಳು ಸಾಂಬಾರು ಖಾರ ಎಂದುಕೊಂಡಿರಬೇಕು. ಆ ನಾಚಿಕೆ ಈಗಲೂ ನನಗೆ ಹೋಗಿಲ್ಲ. ನಾನು ಅಳಿಸಿ ನೋಡಿದ ಟೆಸ್ಟ್ ಹೆಂಡತಿಗೆ ಮುಖ ಇದೆಯೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಕಣ್ಣು ಒರೆಸಿಕೊಂಡು ಒಂದು ಉಪಾಯ ಹೇಳಿದೆ. ಆ್ಯಪಿನ ಗೊಡವೆಯೇ ಬೇಡ, ನೇರ ಡೇಟಾಬೇಸಿಗೆ ಹೋಗಿ ಅವರ ಹೆಸರಿನ ಒಂದು ಸಾಲು ತುರುಕಿಬಿಡುತ್ತೇನೆ, ಎರಡು ನಿಮಿಷದ ಕೆಲಸ, ಯಾರಿಗೂ ತಿಳಿಯುವುದಿಲ್ಲ. ಲೀಲಕ್ಕ ನನ್ನನ್ನು ನೋಡಿದ ನೋಟಕ್ಕೆ ಉಪಾಯ ಅಲ್ಲೇ ಒಣಗಿತು. ಕದ್ದು ಒಳಗೆ ಬರಲು ತಾನೇನು ಹೊರಗಿನವಳೇ ಎಂದು ಕೇಳಿದರು. ಆಮೇಲೆ ಬಸವಪ್ರಭುವಿಗೆ ಫೋನು ಹಚ್ಚಿ, ಬಳಗದ ನಿಯಮಾವಳಿಯಲ್ಲಿ ಸದಸ್ಯತ್ವಕ್ಕೆ ಯಾವುದು ಆಧಾರ ಎಂದು ವಿಚಾರಿಸಿದರು. ಪುಣೆಯಲ್ಲಿ ಆ ನಿಯಮಾವಳಿಯನ್ನು ಪೂರ್ತಿ ಓದಿದವರು ಅವರೊಬ್ಬರೇ ಇರಬೇಕು.

“ದಫ್ತರನ ಆಧಾರರಿ,” ಎಂದರು ಅವರು. “ಆ್ಯಪ್ ಅಂದ್ರ ಬರೇ ಅದರ ನಕಲು. ಸೋಮವಾರ ನಾಲ್ಕರೊಳಗ ನಕಲು ದಫ್ತರಿಗೆ ಹೊಂದಿಕಿ ಆತಂದ್ರ ನಾ ಒಪ್ಪತೀನ್ರಿ. ಇಲ್ಲಾಂದ್ರ ಇಲ್ಲ.”

ದಫ್ತರ ಎಲ್ಲಿದೆ ಎಂದು ಲೀಲಕ್ಕ ನನ್ನನ್ನು ಕೇಳಿದರು. ಅದು ಆರು ತಿಂಗಳಿಂದ ಅಭಿಲಾಷನ ಮೇಜಿನ ಮೇಲೆ, ಅವನ ಕುತ್ತಿಗೆ ನೋವಿಗೆ ಪರಿಹಾರವಾಗಿ, ಮಾನಿಟರಿನ ಅಡಿಯಲ್ಲಿತ್ತು.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಲೀಲಕ್ಕ ನಮ್ಮ ಆಫೀಸಿಗೆ ಬಂದರು, ಒಂದು ಕೈಯಲ್ಲಿ ಬನ್ಸಿನ ಡಬ್ಬಿ, ಇನ್ನೊಂದು ಕೈಯಲ್ಲಿ ಓದುವ ಕನ್ನಡಕ. ಅಭಿಲಾಷ ನನ್ನ ಕಾಟಕ್ಕೆ ಬಂದಿದ್ದ, ರಜೆ ಹಾಳಾದ ಮುಖ ಹೊತ್ತುಕೊಂಡು. ಮಾನಿಟರನ್ನು ಎತ್ತಿ ದಫ್ತರವನ್ನು ಎಳೆದು ತೆಗೆಯುವಾಗ ಅವನ ಕಿವಿ ಕೆಂಪಾಗಿತ್ತು. ಆದರೂ ವಾದ ಬಿಡಲಿಲ್ಲ. ಇಡೀ ರಚನೆ ಮುಖ್ಯಸ್ಥನ ಮೇಲೆ ನಿಂತಿದೆ, ಬುಡ ಅಲುಗಿಸಿದರೆ ಎಲ್ಲ ಬೀಳುತ್ತದೆ, ಒಂದು ದಿನದಲ್ಲಿ ಆಗುವುದಿಲ್ಲ ಎಂದು ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಿವರಿಸಿದ. ಕೊನೆಗೆ, ಮಕ್ಕಳನ್ನು ಅಪ್ಪನ ಕೆಳಗೆ ಹಾಕದೆ ಅಮ್ಮನ ಕೆಳಗೆ ಹಾಕುವುದರಲ್ಲಿ ಏನು ಲಾಜಿಕ್ ಎಂದು ಕೇಳಿದ.

ಲೀಲಕ್ಕ ಅವನ ಮುಂದೆ ಒಂದು ಬನ್ಸ್ ಇಟ್ಟರು.

“ಮಗು ಯಾರ ಹೊಟ್ಟೆಯಿಂದ ಬಂತು ಅಂತ ಯಾರಿಗೂ ಸಂಶಯ ಇರುದಿಲ್ಲ ಅಲ್ವಾ?” ಎಂದರು. “ಗಟ್ಟಿ ಗೊತ್ತಿರುವ ಕಡೆಯಿಂದ ಬರೀಬೇಕು. ನಿಮ್ಮ ಶಾಲೆಯಲ್ಲಿ ಬೇರೆ ಎಂತ ಕಲಿಸಿದ್ದಾರೆ?”

ಅಭಿಲಾಷ ಬನ್ಸ್ ಕೈಯಲ್ಲಿ ಹಿಡಿದುಕೊಂಡು ಗೋಡೆ ನೋಡಿದ. ಅವನು ಯೋಚಿಸುವುದನ್ನು ನಾನು ನೋಡಿದ್ದು ಅದೇ ಮೊದಲು, ಹಾಗಾಗಿ ಹುಷಾರಿಲ್ಲವೇನೋ ಎಂದುಕೊಂಡೆ. ಆಮೇಲೆ ಕೂತು ಬರೆಯಲು ಶುರುಮಾಡಿದ. ಹೊಸ ಲೆಕ್ಕದಲ್ಲಿ ಪ್ರತಿಯೊಬ್ಬರಿಗೂ ಅವರದೇ ಸಾಲು, ಯಾರೂ ಯಾರಿಗೂ ಬಾಲವಲ್ಲ. ಪ್ರತಿ ಸಾಲೂ ಒಂದು ಅಮ್ಮನ ಮನೆಗೆ ಸೇರಿದ್ದು, ಮನೆಗೆ ಅದರ ಹಿರಿಯ ಹೆಂಗಸು ಮುಖ್ಯಸ್ಥೆ. ಮದುವೆ ಎರಡು ಸಾಲುಗಳ ನಡುವಿನ ಒಂದು ಗಂಟು ಅಷ್ಟೇ. ಗಂಟು ಬಿಚ್ಚಿದರೆ ಗಂಟು ಮಾತ್ರ ಹೋಗಬೇಕು, ತುದಿಯಲ್ಲಿರುವ ಇಬ್ಬರೂ ಇದ್ದಲ್ಲೇ ಇರಬೇಕು. ಲೀಲಕ್ಕ ಪುಟ ಪುಟವಾಗಿ ಓದುತ್ತ ಹೋದರು, ಅವನು ಹೊಂದಿಸುತ್ತ ಹೋದ. ಮಧ್ಯಾಹ್ನದ ಹೊತ್ತಿಗೆ, ಇಂಥ ಶುದ್ಧವಾದ ವಿನ್ಯಾಸ ತನಗೆ ಮೊದಲಿನಿಂದಲೂ ಮನಸ್ಸಿನಲ್ಲಿತ್ತು ಎಂದು ಹೇಳತೊಡಗಿದ. ನಾನು ತಡೆಯಲಿಲ್ಲ, ಕೆಲಸ ಮುಗಿಯುವುದು ಮುಖ್ಯವಾಗಿತ್ತು.

ಸಂಜೆ ಟೆಸ್ಟಿಂಗ್. ಪ್ರಯೋಗದ ಪ್ರತಿಯಲ್ಲಿ ದಯಾಕರನನ್ನು ಹಾಕಿ ಅಳಿಸಿದೆ. ಲೀಲಕ್ಕ ಉಳಿದರು, ತನುಶ್ರೀ ಉಳಿದಳು, ಹೋಟೆಲು ಉಳಿಯಿತು. ಮತ್ತೆ ಹಾಕಿ ಮತ್ತೆ ಅಳಿಸಿದೆ. ಒಂದು ಸಲ ಸಾಕಿತ್ತು, ನಾನು ನಲವತ್ತು ಸಲ ಅಳಿಸಿದೆ. ಎಂಟು ವರ್ಷದ ನೌಕರಿಯಲ್ಲಿ ಅಷ್ಟು ಸಂತೋಷ ಕೊಟ್ಟ ಕೆಲಸ ಇನ್ನೊಂದಿಲ್ಲ.

ಕೊನೆಗೆ ಹೊಸ ಪಟ್ಟಿಯನ್ನು ದಫ್ತರದ ಜೊತೆ ಹೋಲಿಸುವಾಗ ಮೊದಲನೇ ಪುಟ ಬಂತು. ಲೀಲಕ್ಕನ ಅಮ್ಮನ ಮನೆ. ಅಮ್ಮ ತೀರಿಕೊಂಡು ಎರಡು ವರ್ಷವಾದ್ದರಿಂದ ಮುಖ್ಯಸ್ಥೆ ಲೀಲಾಕ್ಷಿ. ಅವರ ಕೆಳಗೆ ತನುಶ್ರೀ. ಅದೇ ಪುಟದಲ್ಲಿ, ಅಕ್ಕನ ನಂತರ, ತಮ್ಮ ಕುಶಲ. ಅವರ ಹೆಂಡತಿ ಮಕ್ಕಳು ಎಪ್ಪತ್ತನೇ ಪುಟದಲ್ಲಿ ಹೆಂಡತಿಯ ಅಮ್ಮನ ಜೊತೆ ಸುಖವಾಗಿದ್ದರು. ಒಂದು ಕುಟುಂಬಕ್ಕೆ ಒಬ್ಬರೇ. ಇಬ್ಬರಾದರೆ ಮುಖ್ಯಸ್ಥರದೇ ಊರ್ಜಿತ. ನಾನು ತಲೆಯೆತ್ತಿ ಲೀಲಕ್ಕನನ್ನು ನೋಡಿದೆ. ಅವರೇ ಬರೆದ ಪುಟ ಅದು. ಅವರು ಕನ್ನಡಕ ಮಡಚಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದರು.

ಸೋಮವಾರ ಮೂರು ಗಂಟೆಗೆ ವಾಡೆಯ ಮಹಡಿ ತುಂಬಿತ್ತು. ಬಸವಪ್ರಭು ದಫ್ತರವನ್ನು ಒಂದು ಕಡೆ, ಲ್ಯಾಪ್‌ಟಾಪನ್ನು ಒಂದು ಕಡೆ ಇಟ್ಟುಕೊಂಡು ಇಪ್ಪತ್ತು ಪುಟ ತಾಳೆ ನೋಡಿದರು. ಬ್ಯಾಂಕಿನಲ್ಲಿದ್ದಾಗ ಜನ ಅವರಿಗೆ ಎಷ್ಟು ಹೆದರಿರಬೇಕೆಂದು ಆ ಮುಕ್ಕಾಲು ಗಂಟೆಯಲ್ಲಿ ನನಗೆ ತಿಳಿಯಿತು. ಕೊನೆಗೆ ಯಾದಿ ಹೊಂದುತ್ತದೆ ಎಂದರು, ಲೀಲಕ್ಕನ ನಾಮಪತ್ರ ಸ್ವೀಕರಿಸಿ ಮೊಹರು ಹೊಡೆದರು. ಅದೇ ಉಸಿರಿನಲ್ಲಿ ಕುಶಲಣ್ಣನ ನಾಮಪತ್ರ ತೆಗೆದು, ಅದೇ ಕುಟುಂಬದ ಮುಖ್ಯಸ್ಥರು ಅರ್ಜಿ ಹಾಕಿರುವುದರಿಂದ ಇದು ತಿರಸ್ಕೃತ ಎಂದು ಓದಿದರು.

ಕುಶಲಣ್ಣನ ಮುಖದ ತಂಪು ಇಳಿಯುವುದನ್ನು ನಾನು ಎದುರಿಗೇ ನಿಂತು ನೋಡಿದೆ. ಮೊದಲು ನಕ್ಕರು. ಆಮೇಲೆ ತನಗೆ ಬೇರೆ ಮನೆ ಇದೆ, ಹೆಂಡತಿ ಮಕ್ಕಳು ಇದ್ದಾರೆ, ಮೂರು ಹೋಟೆಲು ಇದೆ, ಐವತ್ತೆರಡು ವರ್ಷದ ಗಂಡಸು ಅಕ್ಕನ ಕೆಳಗೆ ಬರುವುದು ಹೇಗೆ ಎಂದರು. ಇದೆಲ್ಲ ಕಂಪ್ಯೂಟರಿನ ಆಟ ಎಂದರು. ಬಸವಪ್ರಭು ಏನೂ ವಾದಿಸದೆ ಅವರ ಮುಂದೆ ಎರಡು ಕಾಗದ ಇಟ್ಟರು. ಒಂದು ಲೀಲಕ್ಕನ ಕೈಬರಹದ ಹಳೆಯ ಪುಟ, ಅಡಿಯಲ್ಲಿ ಅಧ್ಯಕ್ಷರೆಂದು ಕುಶಲಣ್ಣನ ಸಹಿ. ಇನ್ನೊಂದು ಹೊಸ ನಿಯಮದ ಸುತ್ತೋಲೆ, ಅದರಲ್ಲೂ ಅವರದೇ ಸಹಿ. ಕುಶಲಣ್ಣ ಎರಡನ್ನೂ ನೋಡಿ ಗೋಡೆಗೆ ಒರಗಿ ಕೂತರು. ದಫ್ತರಕ್ಕೆ ಹತ್ತು ವರ್ಷ ಸಹಿ ಹಾಕಿದ್ದರು, ಒಂದು ದಿನವೂ ಓದಿರಲಿಲ್ಲ.

ಬೇರೆ ಯಾರ ಅರ್ಜಿಯೂ ಇರಲಿಲ್ಲ. ಅಂದರೆ ಲೀಲಕ್ಕ ಅವಿರೋಧ ಅಧ್ಯಕ್ಷೆ. ನಿನ್ನೆಯವರೆಗೆ ಕುಶಲಣ್ಣನ ಹಿಂದೆ ನಿಲ್ಲುತ್ತಿದ್ದ ಮೂವರು ಅಷ್ಟರಲ್ಲೇ ಲೀಲಕ್ಕನ ಹಿಂದೆ ಬಂದು ನಿಂತರು, ಒಬ್ಬ ಕಪಾಟಿನಿಂದ ಶಾಲು ತೆಗೆದ. ಕುಶಲಣ್ಣನಿಗೆಂದು ತಂದಿಟ್ಟ ಶಾಲೇ ಇರಬೇಕು, ಬೆಲೆಯ ಚೀಟಿ ಕೂಡ ಹರಿದಿರಲಿಲ್ಲ. ನನಗಾದ ಖುಷಿಯನ್ನು ಮುಚ್ಚಿಡುವುದಿಲ್ಲ. ಶನಿವಾರ ಕುಶಲಣ್ಣ ತೋರಿಸಿದ ಆ ಎರಡು ದಾರಿಗಳನ್ನು ಅವರಿಗೇ ವಾಪಸು ತೋರಿಸಬೇಕೆಂದು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ.

ಲೀಲಕ್ಕ ಶಾಲನ್ನು ಪಕ್ಕಕ್ಕೆ ಸರಿಸಿದರು. ಆ ಒಂದು ಕುಟುಂಬಕ್ಕೆ ಒಬ್ಬರ ನಿಯಮವನ್ನು ಕೈಬಿಡಲು ಬರುತ್ತದೆಯೇ ಎಂದು ಬಸವಪ್ರಭುವನ್ನು ಕೇಳಿದರು. ಅವರು ಕನ್ನಡಕದ ಮೇಲಿನಿಂದ ನೋಡಿದರು.

“ಎಲ್ಲಾ ಉಮೇದುವಾರರು ಬರದು ಕೊಟ್ರ ಬರ್ತದರಿ. ಈಗ ಇರೋ ಉಮೇದುವಾರರು ನೀವೊಬ್ಬರ.”

ಲೀಲಕ್ಕ ಒಂದು ಹಾಳೆ ಕೇಳಿ ತೆಗೆದುಕೊಂಡು ಬರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ. ಮೊಣಕೈ ಹಿಡಿದು ಅವರ ಕಿವಿಯ ಹತ್ತಿರ, ಏನು ಮಾಡುತ್ತಿದ್ದೀರಿ, ಗೆದ್ದಾಗಿದೆ, ಚುನಾವಣೆ ನಡೆದರೆ ಕುಶಲಣ್ಣನಿಗೆ ಹೋಟೆಲಿನವರ ಅರ್ಧ ಮತ ಬಂದರೂ ಬರಬಹುದು, ಧನಕವಡಿಯ ಬೀಗ ಹಾಗೆಯೇ ಉಳಿಯುತ್ತದೆ ಎಂದು ಸಿಟ್ಟಿನಿಂದಲೇ ಹೇಳಿದೆ.

ಅವರು ಸಹಿ ಹಾಕುವವರೆಗೆ ತಲೆ ಎತ್ತಲಿಲ್ಲ.

“ಹೆಸರೇ ಇಲ್ಲದವನನ್ನು ಸೋಲಿಸಿದೆ ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ತಿ,” ಎಂದರು. “ಅವ ಲಿಸ್ಟಿನಲ್ಲಿ ಇರ್ಬೇಕು. ಇದ್ದು ಸೋಲ್ಬೇಕು.”

ಬಸವಪ್ರಭು ಗಡಿಯಾರ ನೋಡಿ, ನಾಲ್ಕಕ್ಕೆ ಇನ್ನು ಎಂಟು ನಿಮಿಷ ಇದೆ, ಹೊಸ ಅರ್ಜಿ ತುಂಬುವುದಾದರೆ ತುಂಬಬಹುದು ಎಂದು ಒಂದು ನಮೂನೆಯನ್ನು ಮೇಜಿನ ಮೇಲೆ ಇಟ್ಟರು. ಕುಶಲಣ್ಣ ಎದ್ದು ಬಂದು ಅಂಗಿಯ ಜೇಬು ತಡಕಿದರು, ಪ್ಯಾಂಟಿನ ಜೇಬು ತಡಕಿದರು. ಪೆನ್ನು ಇರಲಿಲ್ಲ. ಅಕ್ಕನ ಹತ್ತಿರವೇ ಕೇಳಿ ಈಸಿಕೊಂಡರು.